ಶವರ್ ಪಂಪ್ ಎಲ್ಲಿ ಕೂಡಿಸಬೇಕು? ನಾಲ್ಕು ಊರಿನ ನಾಲ್ಕು ಮಾಳಿಗೆ ಕಲಿಸಿದ ಪಾಠ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಮಾತಿನ ಧಾಟಿಯನ್ನು ಅಲ್ಲಲ್ಲಿ ತಿದ್ದಲಾಗಿದೆ.)

 

ನಾನು ಓದಿದ್ದು ಬಿ.ಕಾಂ. ಈ ಪಾಡ್‌ಕಾಸ್ಟ್‌ನಲ್ಲಿ ಸಾಮಾನ್ಯವಾಗಿ ಮಾತಾಡೋದು ಸಾಲ, ಉಳಿತಾಯ, ಜಿಎಸ್‌ಟಿ ಇಂಥವನ್ನೇ. ಇವತ್ತು ಮಾತ್ರ ನಿಮ್ಮನ್ನ ಸೀದಾ ಬಚ್ಚಲಿಗೆ ಕರಕೊಂಡು ಹೊಂಟೇನಿ. ಅಲ್ಲಿಂದ ಮಾಳಿಗೆ ಮೇಲೆ. ನಗಬೇಡ್ರಿ. ನಮ್ಮ ಮನೆಯಲ್ಲಿ ಒಂದು ಸಣ್ಣ ಪಂಪನ್ನು ತಪ್ಪು ಜಾಗದಲ್ಲಿ ಕೂಡಿಸಿದ್ದಕ್ಕೆ ನಮ್ಮವ್ವನ ಮೈಮೇಲೆ ಕುದಿಯುವಂಥ ನೀರು ಬೀಳೋದು ಹತ್ತು ನಿಮಿಷದಲ್ಲಿ ತಪ್ಪಿತು. ಅವತ್ತಿನಿಂದ ನಾನು ಯಾರ ಮನೆಗೆ ಹೋದರೂ ಮೊದಲು ಮಾಳಿಗೆ ಹತ್ತಿ ಪೈಪು ನೋಡುವ ಹುಚ್ಚ ಆಗೇನಿ.

ಕಥೆ ಹೀಗೈತಿ. ನಮ್ಮೂರು ಬೈಲಹೊಂಗಲ. ಕೆಳಗಿನ ಮನೆ ಬಾಡಿಗೆಗೆ ಕೊಟ್ಟು ನಾವು ಮೇಲಿನ ಮನೆಗೆ ಬಂದೆವು. ಅದೇ ಹೊತ್ತಿಗೆ ಅವ್ವನ ಭುಜ ಹಿಡಿಯಿತು. ಕೈ ಮೇಲಕ್ಕೆ ಎತ್ತಲು ಬರೂದಿಲ್ಲ. ಬಕೆಟ್ ಎತ್ತಬೇಡಿ ಅಂತ ಡಾಕ್ಟರು ಹೇಳಿದರು. ತಂಬಿಗೆಯಿಂದ ತಲೆ ಮೇಲೆ ನೀರು ಸುರಕೊಳ್ಳೋದೂ ಆಗದ ಮಾತಾಯಿತು. ಹಾಗಾಗಿ ಒಂದು ಹ್ಯಾಂಡ್ ಶವರ್ ಹಾಕಿಸೋಣ, ಅವ್ವ ಸ್ಟೂಲ್ ಮೇಲೆ ಕುಂತು ಸ್ನಾನ ಮಾಡಲಿ ಅಂತ ಅಪ್ಪ ನಿರ್ಧಾರ ಮಾಡಿದರು. ಹಾಕಿಸಿದೆವು. ನಳ ತಿರುವಿದರೆ ನೀರು ಹನಿಹನಿ. "ಇದಕ್ಕಿಂತ ನಮ್ಮ ಹಳೇ ಬಂಬನ ಛಲೋ ಇತ್ತು" ಅಂದಳು ಅವ್ವ. ಪ್ಲಂಬರ್ ಬಂದು ನೋಡಿ, "ಪಂಪ್ ಹಾಕಿದ್ರ ಮುಗೀತ್ರಿ" ಅಂದರು. ಎಲ್ಲಿ ಹಾಕಬೇಕು ಅಂತ ಅವರೂ ಯೋಚನೆ ಮಾಡಲಿಲ್ಲ, ನಾವೂ ಕೇಳಲಿಲ್ಲ.

ಶವರ್ ಯಾಕೆ ಸೋಲುತ್ತದೆ?

ಮೊದಲು ಒಂದು ಲೆಕ್ಕ. ಮಾಳಿಗೆ ಮೇಲಿನ ಟಾಕಿಯಿಂದ ಬರುವ ನೀರಿಗೆ ಬಲ ಕೊಡೋದು ಎತ್ತರ ಒಂದೇ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. 1 ಮೀಟರ್ ಎತ್ತರ ಅಂದರೆ 0.1 ಬಾರ್. ಟಾಕಿ 500 ಲೀಟರಿದ್ದರೂ ಅಷ್ಟೇ, 2000 ಲೀಟರಿದ್ದರೂ ಅಷ್ಟೇ. ದೊಡ್ಡ ಟಾಕಿ ಇಟ್ಟರೆ ಜೋರು ಬರುತ್ತದೆ ಅನ್ನೋದು ತಪ್ಪು ತಿಳುವಳಿಕೆ.

ನಮ್ಮ ಮನೆ ತಗೊಳ್ಳಿ. ಟಾಕಿ ಕೂತಿರೋದು ಮೆಟ್ಟಿಲು ಕೋಣೆಯ ತಲೆ ಮೇಲೆ. ಮೇಲಿನ ಮನೆಯ ಶವರ್‌ನಿಂದ ಟಾಕಿಯ ತಳಕ್ಕೆ ಸುಮಾರು ಹನ್ನೊಂದೂವರೆ ಅಡಿ. ಅಂದರೆ ಮೂರೂವರೆ ಮೀಟರ್. ಒತ್ತಡ 0.35 ಬಾರ್. ನಮ್ಮ ಶವರ್ ಡಬ್ಬಿಯ ಮೇಲೆ ಬರೆದಿದ್ದು ಕನಿಷ್ಠ 1 ಬಾರ್. ಇಲ್ಲಿಯೇ ಉತ್ತರ ಸಿಕ್ಕಿತು. ಕೆಳಗಿನ ಬಾಡಿಗೆ ಮನೆಗೆ ಇನ್ನೂ 10 ಅಡಿ ಎತ್ತರ ಸಿಗೋದರಿಂದ ಅವರ ನಳ ನಮಗಿಂತ ಜೋರು. ಬಾಡಿಗೆದಾರರ ಬಚ್ಚಲು ಮಾಲೀಕನದ್ದಕ್ಕಿಂತ ಚೆನ್ನಾಗಿರೋದು ಇದಕ್ಕೇ.

ಸೋಲಾರ್ ಬಿಸಿನೀರಿನ ವಿಷಯಕ್ಕೆ ಬಂದರೆ ಇನ್ನೊಂದು ಮಾತು ಸೇರುತ್ತದೆ. ಬಿಸಿನೀರನ್ನು ತಳ್ಳೋದು ಕೂಡ ತಣ್ಣೀರಿನ ಟಾಕಿಯ ಎತ್ತರವೇ. ತಣ್ಣೀರು ಕೆಳಗಿಳಿದು ಸೋಲಾರ್ ಟಾಕಿಯ ಒಳಗೆ ಹೊಕ್ಕಾಗ, ಅಲ್ಲಿನ ಬಿಸಿನೀರು ಹೊರಗೆ ಬರುತ್ತದೆ. ಅದಕ್ಕೇ ತಣ್ಣೀರಿನ ಟಾಕಿಯ ತಳ ಸೋಲಾರ್ ಟಾಕಿಯ ತಲೆಗಿಂತ ಎತ್ತರ ಇರಬೇಕು ಅಂತಾರೆ.

ಮಾಳಿಗೆ ಹತ್ತಿದರೆ ಸೋಲಾರ್ ಟಾಕಿ ಹತ್ತಿರ ಒಂದು ತೆಳ್ಳನೆ ಪೈಪು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತದೆ. ತುದಿ ತೆರೆದಿರುತ್ತದೆ, ಇಲ್ಲ ಬೆತ್ತದ ಹಿಡಿಯಂಗೆ ಬಾಗಿರುತ್ತದೆ. ಅದು ಏರ್ ಪೈಪ್. ನೀರು ಕಾದಾಗ ಹುಟ್ಟುವ ಗಾಳಿ ಮತ್ತು ಹಬೆ ಅದರಿಂದ ಹೊರಗೆ ಹೋಗುತ್ತದೆ. ಟಾಕಿ ಖಾಲಿಯಾಗುವಾಗ ಹೊರಗಿನ ಗಾಳಿ ಅದರಿಂದಲೇ ಒಳಗೆ ಬರುತ್ತದೆ. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿರುವ ಸೋಲಾರ್ ಟಾಕಿ ಒತ್ತಡ ತಡಕೊಳ್ಳುವ ಟಾಕಿ ಅಲ್ಲ. ಅದು ಒಂದು ದೊಡ್ಡ ಥರ್ಮಾಸ್ ಇದ್ದಂಗೆ. ಈ ಏರ್ ಪೈಪ್ ಅದರ ಮೂಗು. ಇದನ್ನ ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಈ ಮೂಗಿನ ಸುತ್ತಲೇ ಐತಿ.

ಬೈಲಹೊಂಗಲ: ಸೋಲಾರ್‌ಗಿಂತ ಮೊದಲು ಪಂಪ್

ನಮ್ಮ ಮನೆಯಲ್ಲಿ ಆಗಿದ್ದು ಇದು. ಮೇಲಿನ ಟಾಕಿಯಿಂದ ಹೊರಗೆ ಬರುತ್ತಿದ್ದ ಪೈಪು ಒಂದೇ. ಅದೇ ಮುಂದೆ ಎರಡಾಗಿ, ಒಂದು ಬಚ್ಚಲಿಗೆ, ಒಂದು ಸೋಲಾರ್‌ಗೆ ಹೋಗುತ್ತಿತ್ತು. ಪಂಪನ್ನು ಎರಡಾಗುವುದಕ್ಕಿಂತ ಮೊದಲೇ ಕೂಡಿಸಿದರು. ತಣ್ಣೀರು, ಬಿಸಿನೀರು ಎರಡಕ್ಕೂ ಜೋರು ಸಿಗುತ್ತದೆ ಅನ್ನೋ ಲೆಕ್ಕ. ಕೇಳಲಿಕ್ಕೆ ಸರಿ ಅನಿಸುತ್ತದೆ.

ಪಂಪ್ ಚಾಲೂ ಮಾಡಿದ ಕೂಡಲೇ ಏರ್ ಪೈಪಿನಿಂದ ಕಾರಂಜಿ. ಸಹಜ ಅಲ್ಲೇನ್ರಿ? ಮೂರೂವರೆ ಮೀಟರ್ ಎತ್ತರದ ನೀರಿಗೆ ಸರಿಹೊಂದಿದ್ದ ಪೈಪಿಗೆ 15 ಮೀಟರ್ ಎತ್ತರದ ಬಲ ಕೊಟ್ಟರೆ ನೀರು ತುದಿ ದಾಟಿ ಹಾರಲೇಬೇಕು. ಪ್ಲಂಬರ್ ಅದಕ್ಕೊಂದು ಉಪಾಯ ಹುಡುಕಿದರು. ಏರ್ ಪೈಪಿನ ಬಾಯಿಗೆ ಒಂದು ಕ್ಯಾಪ್ ಹಾಕಿ ಬಿಗಿ ಮಾಡಿದರು. ಕಾರಂಜಿ ನಿಂತಿತು. ಶವರ್ ಜೋರಾಯಿತು. ಅವ್ವ ಖುಷಿ. ಅಪ್ಪ ರೊಕ್ಕ ಎಣಿಸಿ ಕೊಟ್ಟರು.

ಆಟೋಮ್ಯಾಟಿಕ್ ಪಂಪ್ ನಳ ಮುಚ್ಚಿದಾಗ ನಿಲ್ಲುತ್ತದೆ, ನಿಜ. ಆದರೆ ನಿಂತ ಮೇಲೂ ಪೈಪಿನೊಳಗಿನ ಒತ್ತಡ ಹಾಗೇ ಹಿಡಿದಿರುತ್ತದೆ. ಅಂದರೆ ನಮ್ಮ ಸೋಲಾರ್ ಟಾಕಿ ಹಗಲೂ ರಾತ್ರಿ ತಡಕೊಳ್ಳಲಾರದ ಒತ್ತಡದಲ್ಲಿ ನಿಂತಿತ್ತು. ಮೂಗು ಬೇರೆ ಮುಚ್ಚಿತ್ತು. ಮೂರನೇ ದಿನ ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದಾಗ, ಗಾಜಿನ ಕೊಳವೆ ಕೂಡುವ ಜಾಗದ ರಬ್ಬರ್ ವಾಷರ್ ಬಿಟ್ಟುಕೊಂಡು ಬಿಸಿನೀರು ಭರ್ ಅಂತ ಮಾಳಿಗೆ ತುಂಬ ಚೆಲ್ಲಿತು. ಅದೇ ಜಾಗದಲ್ಲಿ ಅವ್ವ ಸಂಡಿಗೆ ಒಣಹಾಕಿ, ಹತ್ತು ನಿಮಿಷ ಮೊದಲು ಕೆಳಗಿಳಿದಿದ್ದಳು. ಸಂಡಿಗೆ ಹೋದವು. ಟಾಕಿಯ ಒಳಗಿನ ಪಾತ್ರೆಯೂ ಉಬ್ಬಿತ್ತು. ರಿಪೇರಿ ಖರ್ಚು ಪಂಪಿನ ಬೆಲೆಯನ್ನ ದಾಟಿತು.

ಇದರಿಂದ ನಾನು ಕಲಿತ ಮೊದಲ ಪಾಠ: ಒತ್ತಡ ತಡಕೊಳ್ಳದ ಸೋಲಾರ್ ಟಾಕಿಗೆ ನೀರು ಎತ್ತರದಿಂದಲೇ, ತನ್ನಷ್ಟಕ್ಕೆ ತಾನೇ ಇಳಿಯಬೇಕು. ಅದಕ್ಕಿಂತ ಮೊದಲು ಪಂಪ್ ಬರಬಾರದು. ಏರ್ ಪೈಪನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಕಿತ್ತೂರು: ಬಿಸಿನೀರನ್ನು ಎಳೆಯಲು ಹೋದ ಪಂಪ್

ಕಿತ್ತೂರಿನ ನನ್ನ ಗೆಳೆಯ ನನ್ನ ಕಥೆ ಕೇಳಿ ನಕ್ಕ. "ನಾ ಹಂಗ ಮಾಡಿಲ್ಲಲೇ, ನನ್ನ ಪಂಪ್ ಸೋಲಾರ್ ಆದಮ್ಯಾಲ ಐತಿ" ಅಂದ. ಒಂದು ದಿನ ಹೋಗಿ ನೋಡಿದೆ. ಪಂಪ್ ಬಿಸಿನೀರು ಹೊರಬರುವ ಪೈಪಿಗೆ ಇತ್ತು. ಮಳೆ ನೀರು ನಿಂತರೆ ತೊಯ್ಯಬಾರದು ಅಂತ ಅದನ್ನ ಗೋಡೆಯ ಮೇಲೆ, ಆಳೆತ್ತರದ ಹಲಗೆಯ ಮೇಲೆ ಕೂಡಿಸಿದ್ದ. ಪೈಪು ಸೋಲಾರ್‌ನಿಂದ ಹೊರಟು, ಮೇಲೆ ಹತ್ತಿ, ಪಂಪಿಗೆ ಬಂದು, ಮತ್ತೆ ಕೆಳಗಿಳಿಯುತ್ತಿತ್ತು. ಚಾಲೂ ಮಾಡಿದರೆ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂಥ ಸಪ್ಪಳ. ನೀರು ಬರುತ್ತದೆ, ನಿಲ್ಲುತ್ತದೆ, ಉಗುಳುತ್ತದೆ. ಒಂದೇ ಹಂಗಾಮಿನಲ್ಲಿ ಪಂಪಿನ ಸೀಲ್ ಹೋಗಿ ಸೋರಲು ಶುರುವಾಗಿತ್ತು.

ಇಲ್ಲಿ ಮೂರು ತಪ್ಪು ಒಟ್ಟಿಗೆ ಆಗಿದ್ದವು.

ಒಂದು, ಎತ್ತರ. ಈ ಸಣ್ಣ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಅದರಲ್ಲೂ ಬಿಸಿನೀರನ್ನು ಎಳೆಯೋದು ಕಷ್ಟ. ಗೋಲಿ ಸೋಡಾ ನೆನಪು ಮಾಡಿಕೊಳ್ಳಿ. ಗೋಲಿ ಒತ್ತಿದ ಕೂಡಲೇ ಒಳಗಿನ ಒತ್ತಡ ಇಳಿದು ಗುಳ್ಳೆ ಏಳುತ್ತವೆ. ಬಿಸಿನೀರನ್ನು ಜೋರಾಗಿ ಎಳೆದಾಗಲೂ ಪಂಪಿನ ಬಾಯಲ್ಲಿ ಒತ್ತಡ ಇಳಿಯುತ್ತದೆ. ನೀರಲ್ಲಿ ಕರಗಿದ ಗಾಳಿ ಬಿಟ್ಟುಕೊಳ್ಳುತ್ತದೆ, ನೀರೇ ಅಲ್ಲಲ್ಲಿ ಹಬೆ ಗುಳ್ಳೆಯಾಗುತ್ತದೆ. ಆ ಗುಳ್ಳೆ ಪಂಪಿನ ಚಕ್ರದ ಒಳಗೆ ಒಡೆದಾಗಲೇ ಆ ಹರಳಿನ ಸಪ್ಪಳ. ಹೀಗೇ ನಡೆದರೆ ಚಕ್ರ ತಿಂದುಹೋಗುತ್ತದೆ. ಪಂಪ್ ಕೆಳಗಿದ್ದರೆ ನೀರು ತಾನೇ ಇಳಿದು ಅದರ ಬಾಯಿ ತುಂಬಿಸುತ್ತದೆ, ಎಳೆಯುವ ಕೆಲಸವೇ ಇರೋದಿಲ್ಲ. ಇನ್ನು ಪೈಪು ನಡುವೆ ಗುಡ್ಡದಂಗೆ ಏರಿ ಇಳಿದರೆ, ಆ ಏರಿನ ತಲೆಯಲ್ಲಿ ಗಾಳಿ ಕೂತು ದಾರಿ ಕಟ್ಟುತ್ತದೆ.

ಎರಡು, ಟ್ಯಾಪಿಂಗ್ ತೆಗೆದ ಜಾಗ. ಏರ್ ಪೈಪು ನಿಂತಿದ್ದು ಅದೇ ಬಿಸಿನೀರಿನ ಪೈಪಿನ ಮೇಲೆ. ಅದರ ಮುಂದೆ ಪಂಪು. ಪಂಪಿಗೆ ಹತ್ತಿರ ಸಿಕ್ಕಿದ್ದು ಗಾಳಿ. ಅದನ್ನೇ ಕುಡಿಯಿತು. ಒಂದು ವೇಳೆ ಆ ಏರ್ ಪೈಪಿಗೂ ನಮ್ಮ ಮನೆಯಂಗೆ ಕ್ಯಾಪ್ ಹಾಕಿದ್ದರೆ, ಪಂಪು ಎಳೆದ ಎಳೆತಕ್ಕೆ ಟಾಕಿ ಒಳಕ್ಕೆ ಕುಸಿಯುವ ಸಾಧ್ಯತೆ ಇತ್ತು. ಖಾಲಿ ಪ್ಲಾಸ್ಟಿಕ್ ಬಾಟಲಿಯ ಗಾಳಿ ಬಾಯಿಂದ ಎಳೆದರೆ ಮುದುಡುತ್ತದಲ್ಲ, ಹಂಗ.

ಮೂರು, ಪಂಪಿನ ಜಾತಿ. ಅದರ ಪ್ಲೇಟ್ ಮೇಲೆ ನೀರಿನ ಗರಿಷ್ಠ ಉಷ್ಣತೆ 40 ಡಿಗ್ರಿ ಅಂತ ಬರೆದಿತ್ತು. ನಮ್ಮ ಬಿಸಿಲಿಗೆ ಸೋಲಾರ್ ನೀರು 60 ಡಿಗ್ರಿ ಸುಲಭವಾಗಿ ದಾಟುತ್ತದೆ. ಬಿಸಿನೀರಿನ ಪೈಪಿಗೆ ಬಿಸಿನೀರಿನ ಪಂಪೇ ಬೇಕು.

ಈ ಸಮಸ್ಯೆ ನಮ್ಮ ನಾಲ್ಕು ತಾಲೂಕಿಗೆ ಮಾತ್ರ ಸೀಮಿತ ಅಲ್ಲ. ಇಂಗ್ಲೆಂಡಿನ ಹಳೇ ಮನೆಗಳಲ್ಲೂ ನಮ್ಮಂಗೇ ವ್ಯವಸ್ಥೆ. ಅಟ್ಟದ ಮೇಲೆ ತಣ್ಣೀರಿನ ಟಾಕಿ, ಕೆಳಗೆ ಒಂದು ಕಪಾಟಿನಲ್ಲಿ ತಾಮ್ರದ ಬಿಸಿನೀರಿನ ಸಿಲಿಂಡರ್, ಅದರ ತಲೆಯಿಂದ ಮೇಲಕ್ಕೆ ತೆರೆದ ಏರ್ ಪೈಪ್. ಅಲ್ಲಿ ಶವರ್ ಪಂಪ್ ಮೊದಲಿನಿಂದಲೂ ಬಳಕೆಯಲ್ಲಿರೋದರಿಂದ ನಿಯಮಗಳೂ ಗಟ್ಟಿಯಾಗಿವೆ. ಪಂಪ್ ಸಿಲಿಂಡರ್‌ನ ಬುಡದಲ್ಲಿ, ನೆಲದ ಮೇಲೆ, ಹತ್ತಿರ ಇರಬೇಕು. ಶವರ್ ಹತ್ತಿರ ಅಲ್ಲ, ನೀರಿನ ಹತ್ತಿರ. ಸಿಲಿಂಡರ್‌ನಿಂದ ಪಂಪಿಗೆ ಅಂತಲೇ ಬೇರೆ ಟ್ಯಾಪಿಂಗ್ ತೆಗೆಯಬೇಕು. ಆ ಪೈಪು ಶುರುವಿನಿಂದಲೇ ಕೆಳಮುಖವಾಗಿರಬೇಕು. ಆಗ ಗಾಳಿ ತನ್ನ ಸ್ವಭಾವದಂತೆ ಮೇಲೆ ಏರ್ ಪೈಪಿಗೆ ಹೋಗುತ್ತದೆ, ನೀರು ಕೆಳಗೆ ಪಂಪಿಗೆ ಬರುತ್ತದೆ. ಸಿಲಿಂಡರ್ ನೀರು 60–65 ಡಿಗ್ರಿ ದಾಟದಂತೆ ಇಡಿ ಅಂತಲೂ ಅಲ್ಲಿನ ಪಂಪ್ ಕಂಪನಿಗಳು ಹೇಳುತ್ತವೆ, ಯಾಕಂದ್ರೆ ಅದಕ್ಕಿಂತ ಬಿಸಿಯಾದರೆ ಗಾಳಿ ಬಿಡೋದು ಜಾಸ್ತಿ.

ಗೆಳೆಯನ ಮನೆಯಲ್ಲಿ ಕೊನೆಗೆ ಮಾಡಿದ್ದೂ ಇದನ್ನೇ. ಬಿಸಿನೀರಿನ ಪಂಪ್ ತಂದು ಮಾಳಿಗೆಯ ನೆಲದಿಂದ ಒಂದು ಇಟ್ಟಿಗೆ ಎತ್ತರದ ಕಟ್ಟೆ ಕಟ್ಟಿ, ಮೇಲೊಂದು ತಗಡಿನ ನೆರಳು ಮಾಡಿ, ಸೋಲಾರ್ ಸ್ಟ್ಯಾಂಡಿನ ಬುಡದಲ್ಲಿ ಕೂಡಿಸಿದ. ಏರ್ ಪೈಪಿಗಿಂತ ಮೊದಲೇ ಬೇರೆ ಟ್ಯಾಪಿಂಗ್ ತೆಗೆದು, ದಪ್ಪ ಪೈಪನ್ನು ಸೀದಾ ಕೆಳಗಿಳಿಸಿದ. ತಣ್ಣೀರಿಗೂ ಅಷ್ಟೇ ಶಕ್ತಿಯ ಇನ್ನೊಂದು ಪಂಪ್. ಸಪ್ಪಳ ನಿಂತಿತು.

ಎರಡನೇ ಪಂಪ್ ಯಾಕೆ ಬೇಕಾಯಿತು ಅಂತ ಕೇಳ್ತೀರಿ. ಅದಕ್ಕೆ ಉತ್ತರ ಸವದತ್ತಿಯಲ್ಲಿದೆ.

ಸವದತ್ತಿ: ಒಂದೇ ಕಡೆಗೆ ಪಂಪ್, ನಡುವೆ ಕರೆಂಟ್ ಹೋದರೆ?

ಸವದತ್ತಿಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತಂದರೆ ಎಲ್ಲಮ್ಮನ ಗುಡ್ಡಕ್ಕೆ ಬರುವ ನೆಂಟರಿಷ್ಟರೆಲ್ಲ ಆಕೆಯ ಮನೆಯಲ್ಲೇ ಇಳಿಯೋದು. ಒಂದೇ ಬಚ್ಚಲಿಗೆ ಬೆಳಿಗ್ಗೆ ನಾಲ್ಕಕ್ಕೇ ಪಾಳಿ ಹಚ್ಚುತ್ತಾರೆ. ಆಕೆಯ ಮನೆಯಲ್ಲಿ ಪಂಪ್ ಇದ್ದದ್ದು ತಣ್ಣೀರಿನ ಪೈಪಿಗೆ ಮಾತ್ರ. ಸೋಲಾರ್ ನೀರು ಎತ್ತರದಿಂದ ಮೆಲ್ಲಗೆ ಬರುತ್ತಿತ್ತು. ಎರಡೂ ಸೇರೋದು ಮಿಕ್ಸರ್ ನಳದಲ್ಲಿ.

ಮಿಕ್ಸರ್ ಒಳಗೆ ಒಂದು ಕಡೆ ಒಂದೂವರೆ ಬಾರ್, ಇನ್ನೊಂದು ಕಡೆ ಅರ್ಧ ಬಾರ್ ಕೂಡ ಇಲ್ಲ. ಜೋರಿದ್ದ ತಣ್ಣೀರು ಬಿಸಿನೀರಿನ ದಾರಿಯಲ್ಲೇ ಹಿಂದಕ್ಕೆ ಹತ್ತುತ್ತದೆ. ಬಿಸಿನೀರು ಬರಲಿಲ್ಲ ಅಂತ ಮಂದಿ ಬಿಸಿ ನಳವನ್ನ ಪೂರ್ತಿ ತೆರೆದು, ತಣ್ಣೀರನ್ನ ಎಳೆಯಷ್ಟೇ ಬಿಡುತ್ತಾರೆ. ಹಂಗಿದ್ದಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ಪಂಪ್ ನಿಲ್ಲುತ್ತದೆ. ತಣ್ಣೀರು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಪೂರ್ತಿ ತೆರೆದ ಬಿಸಿ ನಳದಿಂದ ಬರಿಯ ಬಿಸಿನೀರು ತಲೆ ಮೇಲೆ ಇಳಿಯುತ್ತದೆ. ಕರೆಂಟ್ ಹೋದ ಕತ್ತಲಲ್ಲಿ, ಕಣ್ಣಲ್ಲಿ ಸಾಬೂನು ಇರುವಾಗ.

60 ಡಿಗ್ರಿ ನೀರು ಚರ್ಮವನ್ನು ಗಂಭೀರವಾಗಿ ಸುಡಲು ಐದಾರು ಸೆಕೆಂಡು ಸಾಕು. 50 ಡಿಗ್ರಿ ನೀರಿಗೆ ಅದೇ ಕೆಲಸಕ್ಕೆ ಸುಮಾರು ಐದು ನಿಮಿಷ ಬೇಕು. ಮಕ್ಕಳ, ಮುದುಕರ ಚರ್ಮ ತೆಳುವಾದ್ದರಿಂದ ಅವರಿಗೆ ಇನ್ನೂ ಕಡಿಮೆ ಹೊತ್ತು ಸಾಕು. ಅತ್ತೆಯ ಮೊಮ್ಮಗನಿಗೆ ಇದು ಆಗುವುದರಲ್ಲಿತ್ತು. ಜೊತೆಗೆ ನಿಂತಿದ್ದ ಅವನ ತಾಯಿ ಕೈ ಅಡ್ಡ ಹಿಡಿದಳು. ಆಕೆಯ ಅಂಗೈ ಕೆಂಪಾಯಿತು, ಹುಡುಗ ಉಳಿದ.

ತಿರುಗಾಮುರುಗಾ ಮಾಡಿದರೂ ಅಪಾಯವೇ. ಬಿಸಿನೀರಿಗೆ ಮಾತ್ರ ಪಂಪ್ ಹಾಕಿದರೆ ಬಿಸಿನೀರು ತಣ್ಣೀರಿನ ಪೈಪಿಗೆ ನುಗ್ಗುತ್ತದೆ. ತಣ್ಣೀರಿನ ನಳ ತಿರುವಿದವರ ಕೈಗೆ ಬಿಸಿನೀರು ಬರುತ್ತದೆ.

ಎರಡನೇ ಪಾಠ: ಒಂದೇ ಮಿಕ್ಸರ್‌ಗೆ ಬರುವ ಬಿಸಿ ಮತ್ತು ತಣ್ಣೀರು ಒಂದೇ ಒತ್ತಡದಲ್ಲಿರಬೇಕು. ಎರಡಕ್ಕೂ ಪಂಪ್ ಇರಬೇಕು, ಇಲ್ಲ ಎರಡಕ್ಕೂ ಇರಬಾರದು. ಪಂಪ್ ಎರಡಿದ್ದರೆ ಒಂದೇ ಸ್ವಿಚ್ಚಿನಲ್ಲಿ, ಒಂದೇ ಲೈನಿನಲ್ಲಿ ಇಡಿ. ಎರಡೂ ಪೈಪಿಗೆ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಹಾಕಿಸಿ. ಆದರೆ ಸೋಲಾರ್‌ನ ಏರ್ ಪೈಪಿನ ದಾರಿಯಲ್ಲಿ ಮಾತ್ರ ಅದು ಬರಬಾರದು.

ರಾಮದುರ್ಗ: ಸರಿಯಾಗಿ ಕೂತ ಪಂಪ್

ರಾಮದುರ್ಗದಲ್ಲಿ ನಮ್ಮ ಸೋದರಮಾವ ಮಗ್ಗ ನಡೆಸುತ್ತಾರೆ. ಪವರ್‌ಲೂಮ್ ಸಪ್ಪಳದಲ್ಲೇ ಬೆಳೆದ ಮನುಷ್ಯ. ಅವರ ಮನೆಯಲ್ಲಿ ಸೋಲಾರ್ ಇಲ್ಲ, ಬಚ್ಚಲಲ್ಲಿ ಕರೆಂಟಿನ ಗೀಜರ್. ಪಂಪ್ ನೋಡಿದೆ. ಮಾಳಿಗೆಯ ಟಾಕಿಯ ಬುಡದಲ್ಲಿ, ಟಾಕಿಯ ತಳಕ್ಕಿಂತ ಕೆಳಗೆ, ನೆರಳಲ್ಲಿ, ಅಡಿಗೆ ರಬ್ಬರ್ ಹಾಸಿ ಕೂಡಿಸಿದ್ದರು. ಟಾಕಿಯಿಂದ ಪಂಪಿಗೆ ಒಂದೂವರೆ ಮಾರು ದೂರವೂ ಇಲ್ಲ. ಪಂಪ್ ದಾಟಿದ ಮೇಲೆ ಬಚ್ಚಲಿಗೆ ಇಳಿದ ಪೈಪು ಅಲ್ಲಿ ಟೀ ಹಾಕಿ ಎರಡಾಗುತ್ತದೆ. ಒಂದು ಗೀಜರ್‌ಗೆ, ಒಂದು ತಣ್ಣೀರಿನ ನಳಕ್ಕೆ. ಪಂಪಿಗೆ ಮುಟ್ಟೋದು ತಣ್ಣೀರು ಮಾತ್ರ, ಹಾಗಾಗಿ ಸಾದಾ ಪಂಪ್ ಸಾಕು. ಬಿಸಿ, ತಣ್ಣೀರು ಎರಡಕ್ಕೂ ಒಂದೇ ಒತ್ತಡ. ಕರೆಂಟ್ ಹೋದರೆ ಎರಡೂ ಒಟ್ಟಿಗೇ ಮೆತ್ತಗಾಗುತ್ತವೆ.

"ಇದನ್ನ ಯಾರು ಹೇಳಿಕೊಟ್ರು ಮಾಮಾ?" ಅಂದೆ. "ಮಷೀನಿಗೆ ಏನ್ ಬೇಕು ಅಂತ ಮಷೀನಿನ ಪ್ಲೇಟ್ ಮ್ಯಾಲ ಬರದಿರತಾರಪಾ, ಓದಾಕ ಬರಬೇಕಷ್ಟ" ಅಂದರು.

ಹಂಗಾದರೆ ಗೀಜರ್ ಟಾಕಿ ಒಡೆಯೋದಿಲ್ಲೇನು? ಗೀಜರ್ ಒಳಗಿನ ಪಾತ್ರೆ ಮುಚ್ಚಿದ್ದೇ, ಆದರೆ ಒತ್ತಡಕ್ಕೆ ಅಂತಲೇ ಮಾಡಿದ್ದು. ಅದರ ಪ್ಲೇಟ್ ಮೇಲೆ 0.8 ಎಂಪಿಎ ಅಂತಿದ್ದರೆ 8 ಬಾರ್ ಅಂತ ಅರ್ಥ, 0.65 ಅಂತಿದ್ದರೆ 6.5 ಬಾರ್. ಪಂಪಿನ ಪ್ಲೇಟ್ ಮೇಲೆ ಗರಿಷ್ಠ ಹೆಡ್ 20 ಮೀಟರ್ ಅಂತಿದ್ದರೆ ಅದು ಕೊಡೋದು 2 ಬಾರ್. ಅದಕ್ಕೆ ಟಾಕಿಯ ಎತ್ತರದ ಬಲ ಕೂಡಿಸಿ ನೋಡಿ. ಗೀಜರ್‌ನ ಅಂಕಿಗಿಂತ ಬಹಳ ಕೆಳಗಿದ್ದರೆ ಚಿಂತೆ ಇಲ್ಲ. ಗೀಜರ್‌ಗೆ ತಣ್ಣೀರು ಹೋಗುವ ಬಾಯಿಗೆ ಕಂಪನಿ ಕೊಟ್ಟ ಸೇಫ್ಟಿ ವಾಲ್ವ್ ಇದ್ದೇ ಇರಬೇಕು. ಅದು ಹನಿ ಹಾಕುತ್ತದೆ ಅಂತ ತೆಗೆದು ಪ್ಲಗ್ ಬಡಿಯುವವರಿದ್ದಾರೆ. ಅದು ನಮ್ಮನೆಯ ಏರ್ ಪೈಪಿಗೆ ಕ್ಯಾಪ್ ಹಾಕಿದ ಕಥೆಯೇ, ಇನ್ನೂ ಕೆಟ್ಟ ಕೊನೆಯಿರುವ ಕಥೆ.

ನಮ್ಮ ಮನೆಯ ಕೊನೆಯ ತೀರ್ಮಾನ

ನಾಲ್ಕೂ ಮಾಳಿಗೆ ನೋಡಿದ ಮೇಲೆ ನಮ್ಮ ಮನೆಗೆ ಎರಡು ಪಂಪಿನ ಖರ್ಚು ಬೇಡ ಅನಿಸಿತು. ಮೇಲಿನ ಟಾಕಿಗೆ ಎರಡನೇ ಟ್ಯಾಪಿಂಗ್ ತೆಗೆದೆವು. ಮೊದಲನೇದು ಸೀದಾ ಸೋಲಾರ್‌ಗೆ, ನಡುವೆ ಪಂಪ್ ಇಲ್ಲ, ಏರ್ ಪೈಪಿನ ಬಾಯಿ ತೆರೆದಿದೆ. ಸೋಲಾರ್ ನೀರು ಬಕೆಟ್ ತುಂಬುವ ಬೇರೆ ನಳಕ್ಕೆ ಮಾತ್ರ. ಮಿಕ್ಸರ್‌ಗೆ ಅದರ ಸಂಬಂಧವೇ ಇಲ್ಲ. ಎರಡನೇ ಟ್ಯಾಪಿಂಗ್ ಮೆಟ್ಟಿಲು ಕೋಣೆಯ ಗೋಡೆಗುಂಟ ಕೆಳಗಿಳಿದು, ಮಾಳಿಗೆಯ ನೆಲದ ಮೇಲೆ ಕೂತ ಪಂಪಿಗೆ. ಅಲ್ಲಿಂದ ಅವ್ವನ ಬಚ್ಚಲಿಗೆ, ರಾಮದುರ್ಗದ ಮಾಮಾನ ಮನೆಯಂತೆ ಟೀ, 15 ಲೀಟರಿನ ಗೀಜರ್, ಮಿಕ್ಸರ್, ಹ್ಯಾಂಡ್ ಶವರ್.

ಇನ್ನು ನನ್ನ ಕಸುಬಿನ ಲೆಕ್ಕ. ಪಂಪ್ 120 ವ್ಯಾಟ್‌ನದ್ದು. ದಿನಕ್ಕೆ 20 ನಿಮಿಷ ಓಡಿದರೆ 0.04 ಯೂನಿಟ್, ತಿಂಗಳಿಗೆ ಒಂದೂ ಕಾಲು ಯೂನಿಟ್ ಕೂಡ ಆಗೋದಿಲ್ಲ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್. ಅದಕ್ಕೆ ತಣ್ಣೀರು ಬೆರೆತರೆ ಮೈಗೆ ಹಿತವಾದ 40 ಡಿಗ್ರಿಯ 35 ಲೀಟರ್ ನೀರು. ನಿಮಿಷಕ್ಕೆ 5 ಲೀಟರ್ ಬಿಡುವ ಹ್ಯಾಂಡ್ ಶವರ್‌ಗೆ ಏಳು ನಿಮಿಷ. ಅವ್ವನಿಗೆ ಸಾಕು.

ಇಲ್ಲೊಂದು ಪ್ರಾಮಾಣಿಕ ಮಾತು ಹೇಳಲೇಬೇಕು. ಪಂಪ್ ಹಾಕಿದರೆ ನೀರು ಹೆಚ್ಚು ಖರ್ಚಾಗುತ್ತದೆ. ಬಕೆಟ್ ಸ್ನಾನಕ್ಕೆ 20 ಲೀಟರ್ ಸಾಕು. ನಿಮಿಷಕ್ಕೆ 10 ಲೀಟರಿನ ದೊಡ್ಡ ಶವರ್ ಕೆಳಗೆ ಎಂಟು ನಿಮಿಷ ನಿಂತರೆ 80 ಲೀಟರ್, ಅಂದರೆ ನಾಲ್ಕು ಬಕೆಟ್. ನಳದ ನೀರಿಗೆ ದಿನ ಎಣಿಸುವ ಊರುಗಳು ನಮ್ಮವು. ನಮ್ಮ ಮನೆಯಲ್ಲಿ ಶವರ್ ಅವ್ವನಿಗೆ ಮಾತ್ರ, ನಾನು ಮತ್ತು ಅಪ್ಪ ಇವತ್ತಿಗೂ ಬಕೆಟ್, ತಂಬಿಗೆ.

ಇನ್ನೂ ಒಂದು ಮಾತು. ಈ ಪಂಪನ್ನ ರಸ್ತೆಯ ನಳದ ಪೈಪಿಗೆ ನೇರವಾಗಿ ಹಚ್ಚಬೇಡಿ. ಓಣಿಯ ನೀರನ್ನ ನೀವೊಬ್ಬರೇ ಎಳೆದಂಗಾಗುತ್ತದೆ. ಪೈಪು ಎಲ್ಲಾದರೂ ಒಡೆದಿದ್ದರೆ ಹೊರಗಿನ ಗಟಾರ ನೀರೂ ಆ ಎಳೆತಕ್ಕೆ ಒಳಗೆ ಬರುತ್ತದೆ. ನೀರು ಮೊದಲು ಟಾಕಿಗೆ ಬೀಳಲಿ, ಟಾಕಿಯಿಂದ ಪಂಪಿಗೆ.

ಪ್ಲಂಬರ್ ಬಂದಾಗ ಕೇಳಬೇಕಾದ್ದು

ಫೋನ್‌ನಲ್ಲಿ ಸ್ಕ್ರೀನ್‌ಶಾಟ್ ತಗೊಳ್ರಿ. ಕೆಲಸ ಶುರುವಾಗುವ ಮೊದಲು, ಮರ್ಯಾದೆಯಿಂದಲೇ ಕೇಳಿ.

1. ನಮ್ಮ ಸೋಲಾರ್ ಟಾಕಿ ಒತ್ತಡ ತಡಕೊಳ್ಳುವಂಥದ್ದೋ, ಸಾದಾ ಟಾಕಿಯೋ? ಪ್ಲೇಟ್ ತೋರಿಸಿ. ಸಾದಾ ಆದರೆ ಅದಕ್ಕಿಂತ ಮೊದಲು ಪಂಪ್ ಬೇಡ.

2. ಏರ್ ಪೈಪ್ ತೆರೆದೇ ಇರುತ್ತದಲ್ಲ? ಅದರ ತುದಿ ತಣ್ಣೀರಿನ ಟಾಕಿಯ ತುಂಬಿದ ಮಟ್ಟಕ್ಕಿಂತ ಎತ್ತರ ಇದೆಯಲ್ಲ?

3. ಪಂಪ್ ಟಾಕಿಗಿಂತ ಕೆಳಗೆ, ಹತ್ತಿರ ಕೂಡುತ್ತದೆಯೇ? ಟಾಕಿಯಿಂದ ಪಂಪಿಗೆ ಬರುವ ಪೈಪು ಎಲ್ಲೂ ಏರದೆ ಇಳಿಯುತ್ತದೆಯೇ? ಅದು ಪಂಪಿನ ಬಾಯಿಯಷ್ಟೇ ಅಥವಾ ಅದಕ್ಕಿಂತ ದಪ್ಪ ಇದೆಯೇ?

4. ಮಿಕ್ಸರ್‌ನ ಎರಡೂ ಕಡೆ ಒತ್ತಡ ಸಮ ಇರುತ್ತದೆಯೇ? ಕರೆಂಟ್ ಹೋದರೆ ಏನು ಬರುತ್ತದೆ, ಬಿಸಿಯೋ, ತಣ್ಣೀರೋ?

5. ಟಾಕಿ ಖಾಲಿಯಾದರೆ ಪಂಪ್ ತಾನೇ ನಿಲ್ಲುತ್ತದೆಯೇ? ನೀರಿಲ್ಲದೆ ಓಡಿದ ಪಂಪ್ ಸುಟ್ಟುಹೋಗುತ್ತದೆ.

6. ಪಂಪಿಗೆ ಅರ್ಥಿಂಗ್ ಇದೆಯೇ? ಆ ಲೈನಿಗೆ ಆರ್‌ಸಿಸಿಬಿ ಇದೆಯೇ? ನೀರು ಮತ್ತು ಕರೆಂಟ್ ಕೂಡುವ ಕಡೆ ಇದನ್ನ ಬಿಡುವಂತಿಲ್ಲ.

7. ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪೇ ಹಾಕುತ್ತೀರಲ್ಲ? ಪಂಪಿನ ಎರಡೂ ಕಡೆ ವಾಲ್ವ್, ಒಳಬರುವ ಕಡೆ ಜಾಳಿಗೆ ಇರುತ್ತದಲ್ಲ? ಬೋರ್ ನೀರಿನ ಉಸುಕು, ಬಿಳಿ ಪದರು ಆ ಜಾಳಿಗೆಯಲ್ಲಿ ನಿಲ್ಲುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು.

ಈ ಏಳಕ್ಕೂ ಉತ್ತರ ಸಿಕ್ಕರೆ ಎಷ್ಟು ಎಚ್‌ಪಿ ಪಂಪ್ ಅನ್ನೋ ಪ್ರಶ್ನೆ ಬಹಳ ಸಣ್ಣದಾಗುತ್ತದೆ. ನಾವು ಪಂಪ್ ಕೊಳ್ಳುವಾಗ ಶಕ್ತಿ ಕೇಳಿದೆವು, ಬೆಲೆ ಕೇಳಿದೆವು, ಗ್ಯಾರಂಟಿ ಕೇಳಿದೆವು. ಜಾಗ ಕೇಳಲಿಲ್ಲ. ರಿಪೇರಿಗೆ ಕೊಟ್ಟ ರೊಕ್ಕ ಆ ಒಂದು ಪ್ರಶ್ನೆಯ ಬೆಲೆ.

ಅವ್ವನ ಭುಜ ಈಗ ಸ್ವಲ್ಪ ಸುಧಾರಿಸೈತಿ. ಮೊನ್ನೆ ಮತ್ತೆ ಮಾಳಿಗೆ ಮೇಲೆ ಸಂಡಿಗೆ ಹಾಕಿದಳು. ಹಾಕುವ ಮೊದಲು ಸೋಲಾರ್ ಕಡೆ ನೋಡಿ, "ಅದರ ಮೂಗು ತೆರದೈತೇನು ನೋಡೋ" ಅಂದಳು. ನಾ ಹತ್ತಿ ನೋಡಿದೆ. ತೆರೆದಿತ್ತು.

ನಿಮ್ಮ ಮನೆಯ ಮಾಳಿಗೆಯನ್ನೂ ಈ ಭಾನುವಾರ ಒಮ್ಮೆ ಹತ್ತಿ ನೋಡ್ರಿ. ಏರ್ ಪೈಪಿಗೆ ಕ್ಯಾಪ್ ಕಂಡರೆ ನೀವೇ ಬಿಚ್ಚಲು ಹೋಗಬೇಡ್ರಿ, ಒಳಗೆ ಬಿಸಿನೀರು ಒತ್ತಡದಲ್ಲಿರಬಹುದು. ಪಂಪ್ ಬಂದ್ ಮಾಡಿ, ಬಿಸಿನೀರಿನ ನಳ ತೆರೆದಿಟ್ಟು, ತಿಳಿದವರನ್ನ ಕರೀರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ರೊಕ್ಕದ ಮಾತು. ಅಲ್ಲೀತನಕ, ಶರಣ್ರೀ.